ನಡುಕಟ್ಟು

ಬೆಟಗೇರಿಯ ನಮ್ಮ ಓಣಿಯಲ್ಲಿ
ಆ ಕತೆಯನ್ನು ಯಾರೂ ಸಮುದ್ರದಿಂದ ಶುರು ಮಾಡುವುದಿಲ್ಲ.
ಹಡಗು, ತೂರ್ ಪಟ್ಟಣ, ದಂಡೆಯಲ್ಲಿ ಮೊಣಕಾಲೂರಿ ಅತ್ತವರು,
ಅದನ್ನೆಲ್ಲ ಪಾದ್ರಿಗಳು ಓದುತ್ತಾರೆ ವರ್ಷಕ್ಕೊಮ್ಮೆ
ಕನ್ನಡಕ ಒರೆಸಿಕೊಂಡು.
ನಮ್ಮ ಮನೆಯಲ್ಲಿ ಅದು ಶುರುವಾಗುವುದು
ಮಗ್ಗದ ಕುಣಿಯಿಂದ,
ಅರ್ಧ ನೆಯ್ದ ಸೀರೆಯಿಂದ,
ಹುಬ್ಬಳ್ಳಿಯಲ್ಲಿ ಇಲಿ ಬಿದ್ದ ಸುದ್ದಿಯಿಂದ.

ಮುತ್ತಜ್ಜ ಹನೋಕಪ್ಪ. ನೇಕಾರ, ಅರೆ ಉಪದೇಶಿ.
ಆರು ದಿನ ಲಾಳಿ, ಏಳನೆಯ ದಿನ ಮಾತು.
ಪೌಲನೆಂದರೆ ಜೀವ.
'ಅಂವ ಡೇರೆ ಹೊಲಿಯಾಂವ' ಅನ್ನುತ್ತಿದ್ದನಂತೆ,
'ದಾರದ ಮಂದಿ ದಾರದ ಮಂದೀಗೇ ತಿಳಿಯೂದು.'

ಮಾರಿಬೇನೆ ಊರನ್ನು ಹೊಲಕ್ಕೆ ಅಟ್ಟಿತ್ತು.
ತಟ್ಟಿ ಗುಡಿಸಲುಗಳ ಸಾಲು, ಸುಣ್ಣದ ವಾಸನೆ,
ಬೀಗ ಬಿದ್ದ ಬಾಗಿಲುಗಳು.
ಅವನು ಅಕ್ಷರ ಕಲಿಸಿದ ಏಳು ಮನೆ ಅಲ್ಲಿದ್ದವು.
ಒಂದರಿಂದ ಚೀಟಿ ಬಂತು. ಎರಡೇ ಸಾಲು,
ಎರಡನೆಯದು ನಡುವೆಯೇ ನಿಂತಿತ್ತು.

ಯೋಬಪ್ಪನಿಗೆ ಮದುವೆಯಾಗದ ನಾಲ್ವರು ಹೆಣ್ಣುಮಕ್ಕಳು.
ಹಿರಿಯಳು ಕನಸು ಕಂಡೆನೆಂದಳು.
ಎರಡನೆಯವಳು ಅದೇ ಕನಸು ಕಂಡೆನೆಂದಳು.
ಮೂರನೆಯವಳು ಕನಸು ಯಾಕೆ ಬೇಕು, ಕಣ್ಣಿಲ್ಲವೆ ಎಂದಳು.
ಕಿರಿಯವಳು ಸುಮ್ಮನೆ ಅವನ ಕಂದೀಲಿಗೆ ಎಣ್ಣೆ ತುಂಬಿದಳು.

ಆಮೇಲೆ ಬಂದವನು ಸೀಲಪ್ಪ.
ಹನೋಕಪ್ಪನ ನಡುವಿನ ಕೆಂಪು ಪಟ್ಟಿ ಬಿಚ್ಚಿಕೊಂಡು
ಅಂಗಳದಲ್ಲಿ ಕೂತು ತನ್ನ ಕಾಲು ಬಿಗಿದುಕೊಂಡ.
ಕೈ ಮಾತ್ರ ತನಗೆ ತಾನೇ ಕಟ್ಟಿಕೊಳ್ಳಲು ಬರಲೊಲ್ಲದು.
ಹಲ್ಲಿನಿಂದ ಎಳೆದ, ಬಿದ್ದ,
ಒಬ್ಬ ಹುಡುಗ ಕಿಸಕ್ಕೆಂದ.
'ನೀನರ ಗಂಟು ಹಾಕೋ' ಎಂದು ಆ ಹುಡುಗನನ್ನೇ ಕರೆದು
ಮಣ್ಣಿನಲ್ಲಿ ಮಲಗಿಕೊಂಡೇ ಹೇಳಿದ:
'ನೋಡಕೋ. ಹೋದರ ಹಿಂಗ.'
ಆಗ ಯಾರೂ ನಗಲಿಲ್ಲ.

ಹನೋಕಪ್ಪ ಪಕ್ಕದಲ್ಲಿ ಕುಕ್ಕರಗಾಲಲ್ಲಿ ಕೂತು
ಉಗುರಿನಿಂದ ಗಂಟು ಬಿಡಿಸಿದ. ಬಹಳ ಹೊತ್ತು ಹಿಡಿಯಿತು.
'ಅಳಬ್ಯಾಡ್ರಿ. ನೀವು ಅತ್ತರ
ನನ್ನ ಕಾಲಾಗಿನ ಬಲ ಹೋಗತೈತಿ.'
ಪಟ್ಟಿ ಕೊಡವಿ ಮತ್ತೆ ಸುತ್ತಿಕೊಂಡ.

ಐದು ತಿಂಗಳ ಬಸುರಿ ತಬಿತಮ್ಮ ಕೇಳಿದ್ದು ಒಂದೇ:
'ಸೀರಿ?'
'ಬಂದ ಮ್ಯಾಲೆ.'

ರೈಲಿಗೆ ಟಿಕೀಟು ಕೊಡಲಿಲ್ಲ. ನಡೆದ.
ಹುಲಕೋಟಿ ದಾಟುವಾಗ ಮಳೆ,
ಎರೆಮಣ್ಣು ಹೆಜ್ಜೆಗೊಂದು ಸೇರು ಮೆತ್ತಿಕೊಂಡು
ಕಾಲು ಹಿಡಿದು ಜಗ್ಗಿತು. ನೆಲವೂ ಬೇಡವೆಂದಿತು.
ಅಣ್ಣಿಗೇರಿಯ ಹತ್ತಿರ ಎದುರಿಗೆ ಬಂದರು
ಗಂಟುಮೂಟೆಯವರು, ಕೂಸು ಹೊತ್ತವರು, ಕೋಳಿ ಹಿಡಿದವರು:
'ನಾವು ಬರೂದು ಕಾಣವಲ್ದೇನೋ ನಿನಗ?'
ಕಾಣತೈತಿ ಎಂದನಂತೆ. ದಾರಿ ಬಿಟ್ಟು ನಿಂತು
ಎಲ್ಲರೂ ಹಾದುಹೋಗುವ ತನಕ ಕಾದು
ಮತ್ತೆ ನಡೆದನಂತೆ.

ಹತ್ತೊಂಬತ್ತು ದಿನ.
ಸೀಲಪ್ಪನ ಮಾತು ನಿಜವಾಯಿತು, ಒಂದು ಬಗೆಯಲ್ಲಿ:
ಆ ಪಟ್ಟಿ ಬಿಗಿಯಿತು ಎರಡು ಬಿದಿರಿನ ಗಳುಗಳನ್ನು,
ನಡೆಯಲಾಗದವರನ್ನು ಅದರ ಮೇಲೆ ಹೊತ್ತರು.
ಕೊನೆಗೆ ಅವನನ್ನೂ.
ಎಲ್ಲ ಸುಟ್ಟರು. ಬೂದಿಯೂ ಊರಿಗೆ ಬರಲಿಲ್ಲ.

ಸೀಲಪ್ಪ ಆಮೇಲೆ ಮೂವತ್ತು ವರ್ಷ ಬದುಕಿದ.
ಮುಂದಿನದನ್ನು ಯಾವತ್ತೂ ಹೇಳಲಿಲ್ಲ,
ಇವತ್ತು ಮಳೆ ಬಂದೀತೇ ಎಂದು ಕೇಳಿದರೂ.

ಪ್ರತಿ ಸಲ ಈ ಕತೆ ಕೇಳಿ ದೊಡ್ಡವರು ತಲೆದೂಗುವಾಗ
ನನಗೆ ಸಿಟ್ಟು ಬರುತ್ತಿತ್ತು, ಈಗಲೂ ಬರುತ್ತದೆ:
ಏಳು ಮನೆ ಲೆಕ್ಕಕ್ಕೆ ಬಂತು,
ಎಂಟನೆಯದು ಯಾರದಾಗಿತ್ತು, ಮುತ್ತಜ್ಜಾ?

ಸಿಟ್ಟು ಬಂದ ದಿನ ಪೆಟ್ಟಿಗೆ ತೆಗೆಯುತ್ತೇನೆ.
ಒಣಗಿದ ಬೇವಿನೆಲೆ, ಅದರಡಿ ಆ ಸೀರೆ.
ತಬಿತಮ್ಮ ಮಾರಲಿಲ್ಲ, ಉಡಲೂ ಇಲ್ಲ.
ಬಸುರಿನಲ್ಲೇ ಕುಣಿಗಿಳಿದು, ಯಾರಿಂದಲೂ ಕಲಿಯದೆ,
ಉಳಿದ ನಾಲ್ಕು ಮೊಳ ತಾನೇ ನೆಯ್ದಳು.
ಕಣ್ಣಿಗೆ ಗೊತ್ತಾಗುವುದಿಲ್ಲ. ಬೆರಳಾಡಿಸಬೇಕು:
ಒಂದು ಕಡೆ ಬಿಗಿ, ಸಮ,
ಅಲ್ಲಿಂದಾಚೆ ಹೊಕ್ಕು ಸಡಿಲ, ಅಲ್ಲಲ್ಲಿ ತಪ್ಪಿದ ಎಳೆ,
ಮತ್ತೆ ಬರಬರುತ್ತ ಬಿಗಿ,
ಸೆರಗಿನ ಹತ್ತಿರ
ಅವನಿಗಿಂತ ಬಿಗಿ.